ಬರೆಯುವ ಕೈ

ಓದುವಾಗ ಅಕ್ಷರಗಳು ಕಲಸಿಹೋಗುವ ಮಗಳು ಶ್ರೀರಕ್ಷಾಳನ್ನು ಶಾಲೆ ಬಿಡಿಸಿ, ಗಿರಿಜಾ ಪಟಮಟ ಬಡಾವಣೆಯ ಮನೆಯಲ್ಲೇ ಪಾಠ ಹೇಳುತ್ತಿದ್ದಳು. ಮಗಳು ಹೇಳಿದ ಉತ್ತರವನ್ನು ತಾನೇ ಬರೆಯುತ್ತಿದ್ದಳು. ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಹೆತ್ತವರು ಬರೆದುಕೊಡುವಂತಿಲ್ಲ. ಹಾಗಾಗಿ ಪಕ್ಕದ ಮನೆಯ ರಾಜ್ಯಶ್ರೀ, ಒಂಬತ್ತನೇ ಕ್ಲಾಸಿನವಳು, ಉತ್ತರ ಬರೆದುಕೊಳ್ಳುವ ಅಭ್ಯಾಸಕ್ಕೆ ಬಂದು ಕೂತಳು.

ಗೋಂಗೂರ ಸೊಪ್ಪು ಬಿಡಿಸುತ್ತಿದ್ದ ಗಿರಿಜಾಳ ಕಿವಿಯೆಲ್ಲ ನಡುಮನೆಯತ್ತಲೇ. ತನ್ನೆದುರು ತಡವರಿಸುವ ಮಗಳು ಆ ಪೋರಿಯೆದುರು ನೀರು ಕುಡಿದಷ್ಟು ಸಲೀಸಾಗಿ ಉತ್ತರ ಹೇಳುತ್ತಿದ್ದಾಳೆ! ವರ್ಷಗಟ್ಟಲೆ ಕೈ ಸವೆಸಿದ್ದು ಯಾರು, ಈಗ ಮೆರೆಯುವವಳು ಯಾರು?

ರಾಜ್ಯಶ್ರೀ ಅತ್ತ ಹೋದದ್ದೇ ತಡ, ಗಿರಿಜಾ ಮಗಳನ್ನು ಕೇಳಿಯೇಬಿಟ್ಟಳು: "ನನ್ನಲ್ಲಿಲ್ಲದ್ದು ಅವಳಲ್ಲೇನಿದೆಯೇ?"

"ಅದೂ... ಅವಳು..."

"ಬೇಗ ಬರೀತಾಳೆ ಅಂತಾನಾ?"

"ಅಲ್ಲಮ್ಮ. ಅವಳಿಗೆ ಉತ್ತರ ಗೊತ್ತಿಲ್ಲ. ಅದಕ್ಕೇ ನಾನು ಹೇಳಿ ಮುಗಿಸೋ ತನಕ ಕಾಯ್ತಾಳೆ."