ಮೇ ತಿಂಗಳ ಹಿಕರಿಯ ಕುರ್ಚಿ

"ತೊಗಟೆ ಬೇಕಂದ್ರೆ ಹಿಕರಿ ಮರಾನ ಮೇ ತಿಂಗಳಲ್ಲೇ ಕಡೀಬೇಕು. ಆಗ ರಸ ಏರಿರುತ್ತೆ, ಕಾಲುಚೀಲ ಕಳಚಿದ ಹಾಗೆ ತೊಗಟೆ ಬಿಟ್ಕೊಂಡು ಬರುತ್ತೆ. ಅದರ ಒಳಗಿನ ನಾರಲ್ಲಿ ಕುರ್ಚಿ ಹೆಣೆದ್ರೆ ಮೊಮ್ಮಕ್ಕಳ ಕಾಲಕ್ಕೂ ಜಗ್ಗಲ್ಲ. ಆದ್ರೆ ಸುಲಿದ ದಿಮ್ಮಿ ಒಲೆಗೇ ಹೋಗ್ಬೇಕು. ಅದರ ಸಿಹಿಗೆ ಕುಟ್ಟೆ ಹುಳ ಬಂದು ಮೊಟ್ಟೆ ಇಡುತ್ತೆ. ಕುರ್ಚಿ ಕಾಲಿಗೆ ಚಳಿಗಾಲದಲ್ಲಿ ಕಡಿದ ಮರಾನೇ ಆಗ್ಬೇಕು. ನಮ್ಮಮ್ಮ ನಂಗೆ ಹೇಳಿದ್ದು ಇದು, ನಾನು ಈ ಗುಡ್ಡದೋರಿಗೆಲ್ಲ ಹೇಳಿದ್ದೂ ಇದೇ. ಹೋದ ವರ್ಷ ಮೇನಲ್ಲಿ ಒಂದು ಮರ ಸಿಕ್ತು ನೋಡು ಮಾಟಿ, ನೆಟ್ಟಗೆ, ಒಂದು ಗಂಟಿಲ್ಲ. ಲೊರೀನಳ ಮದುವೆ ಕುರ್ಚಿಗೆ ಹಿಂದಿನ ಎರಡು ಕಂಬ ಕಮ್ಮಿ ಬಿದ್ದಿತ್ತು. ಒಲೆಗೆ ಹಾಕೋಕೆ ಕೈ ಬರ್ಲಿಲ್ಲ ಕಣೇ, ಆ ಕಂಬಕ್ಕೇ ಹಾಕಿಸ್ಬಿಟ್ಟೆ."

ಹೀಗೆ ಹೇಳಿಕೊಂಡ ಹೆಸ್ಟರ್ ನನ್ನ ಪಕ್ಕದ ಮನೆಯವಳು. ಕೆರೊಲಿನಾದ ಈ ಗುಡ್ಡದಲ್ಲಿ ಅವಳು ಹೆಣೆದ ಕುರ್ಚಿಯಿಲ್ಲದ ಮನೆ ಕಡಿಮೆ. ಗಂಡ ಎಲ್ವಿನ್ ಕಾಲು, ಕಂಬ ಕೆತ್ತುತ್ತಾನೆ. ಇವಳು ನೆನೆಸಿದ ನಾರನ್ನು ಮಡಿಲಲ್ಲಿಟ್ಟುಕೊಂಡು, ರಾಗವಿಲ್ಲದ ಏನೋ ಗುನುಗುತ್ತ ಹೆಣೆಯುತ್ತಾಳೆ. ಗುನುಗು ನಿಂತರೆ ಎಲ್ಲೋ ಎಳೆ ತಪ್ಪಿದೆ ಎಂದೇ ಅರ್ಥ.

ಮೊಮ್ಮಗಳು ಲೊರೀನಳಿಗೆ ಮದುವೆಯಲ್ಲಿ ಕೊಟ್ಟದ್ದು ತೂಗುಕುರ್ಚಿ. ಈ ಬೇಸಿಗೆಯಲ್ಲಿ ಅವಳು ಬಸುರಿ. ಹುಟ್ಟುವ ಮಗುವಿಗೆ ಆ ಕುರ್ಚಿಯಲ್ಲೇ ಕೂತು ಹಾಲೂಡಿಸಬೇಕೆಂದು ಅದನ್ನು ಕಿಟಕಿಯ ಬಳಿ ಎಳೆದಿಟ್ಟಳು. ಕೆಳಗೆ ಹಿಟ್ಟಿನಂಥ ಪುಡಿ. ಗುಡಿಸಿದಳು, ಮರುದಿನ ಮತ್ತೆ ಪುಡಿ, ಅದರ ಮೇಲೊಂದು ಕಂದು ಹುಳ ನಡೆದಾಡುತ್ತಿತ್ತು.

ಅವಳ ಗಂಡ ವೇಡ್ ಕುರ್ಚಿಯನ್ನು ಹೆಸ್ಟರಳ ಅಂಗಳಕ್ಕೆ ತಂದಿಳಿಸಿದ. "ಅಜ್ಜಿ, ನಿಮ್ಮ ಉಡುಗೊರೆ ಚೆನ್ನಾಗಿದೆ, ಅದರ ಜೊತೆ ಬಂದ ನೆಂಟರು ಚೆನ್ನಾಗಿಲ್ಲ. ನಮ್ದು ಪೂರಾ ಮರದ ಮನೆ. ಇದನ್ನ ಸುಟ್ಬಿಡ್ತೀನಿ."

"ಊರಿಗೆಲ್ಲ ಪಾಠ ಹೇಳೋಳು," ಎಂದು ಎಲ್ವಿನ್ ನಕ್ಕ. "ಸೀಮೆಎಣ್ಣೆ ಬಳಿ, ಸಾಯ್ತವೆ."

"ಹಾಲು ಕುಡಿಯೋ ಕೂಸಿಗೆ ಸೀಮೆಎಣ್ಣೆ ವಾಸನೆ ಕುಡಿಸ್ತೀಯಾ? ಬಾಯ್ಮುಚ್ಚು." ಹೆಸ್ಟರ್ ಅಂಗಳದಾಚೆ ಸೇಬು ಒಣಗಿಸುವ ಗೂಡನ್ನೇ ನೋಡುತ್ತಿದ್ದಳು. ಕೆಳಗೆ ಬೆಂಕಿ, ಮೇಲೆ ತಟ್ಟೆಗಳಿರುವ ಕಲ್ಲಿನ ಗೂಡು ಅದು. "ಸೇಬಿನ ಹುಳ ಅದರೊಳಗೆ ಉಳಿಯಲ್ಲ. ಇದು ಮಾತ್ರ ಹೇಗೆ ಉಳಿಯುತ್ತೆ?"

"ಆಮೇಲೆ ಒಂದು ಚಿಟಿಕೆ ಪುಡಿ ಬಿದ್ರೂ ನಾನೇ ಸುಡೋದು," ಎಂದ ವೇಡ್.

"ಆಗ ಕಡ್ಡಿ ನಾನೇ ಗೀರ್ತೀನಿ ಮಗಾ."

ತಟ್ಟೆಗಳನ್ನೆಲ್ಲ ಹೊರಗೆಳೆದು ಕುರ್ಚಿಯನ್ನು ಒಳಗಿಟ್ಟೆವು. ಬೆಂಕಿ ಜಾಸ್ತಿಯಾದರೆ ಕಂಬ ಸೀಳುತ್ತದೆ, ಕಡಿಮೆಯಾದರೆ ಹುಳಕ್ಕೆ ಬೆಚ್ಚಗಾಗುತ್ತದೆ, ಅಷ್ಟೆ. ಬೆಳಗಿನಿಂದ ಸಂಜೆಯವರೆಗೆ ನಾವಿಬ್ಬರೂ ಅಲ್ಲೇ ಕೂತೆವು; ಹೆಸ್ಟರ್ ಕಂಬದ ಮೇಲೆ ಕೈಯಿಟ್ಟು ನೋಡುವುದು, ನಾನು ಒಂದೊಂದೇ ಸೌದೆ ಕೊಡುವುದು. ಎಲ್ವಿನ್ ಹಾದುಹೋದಾಗಲೆಲ್ಲ, "ಬೆಂತಾ? ಉಪ್ಪು ಹಾಕಿದ್ಯಾ?" ಎನ್ನುತ್ತಿದ್ದ. ಅವಳು ಆ ದಿನ ಒಮ್ಮೆಯೂ ಗುನುಗಲಿಲ್ಲ.

ಪುಡಿ ಬಿದ್ದರೆ ಕಾಣಲೆಂದು ಕುರ್ಚಿ ಅವಳ ಜಗಲಿಯಲ್ಲಿ ಕಪ್ಪು ಬಟ್ಟೆಯ ಮೇಲೆ ಕೂತಿತು. ಮೊದಲ ವಾರ ಮತ್ತೆ ಪುಡಿ ಬಿತ್ತು. ಹೆಸ್ಟರಳ ಮುಖ ಇಳಿದುಹೋಯಿತು. ನಾನು ಬಗ್ಗಿ ಬೆರಳಾಡಿಸಿದೆ. "ಹೊಸ ತೂತು ಒಂದೂ ಇಲ್ವಲ್ಲೇ. ಹಳೇದು ಉದುರಿದ್ದಿರಬಹುದು." ಅವಳು ಕಂಬವನ್ನು ತಟ್ಟಿ ತಟ್ಟಿ ಇದ್ದದ್ದನ್ನೆಲ್ಲ ಉದುರಿಸಿ, ತೂತುಗಳಿಗೆ ಜೇನುಮೇಣ ತುಂಬಿ, ಬಟ್ಟೆ ಕೊಡವಿ ಹಾಸಿದಳು. ಮತ್ತೆ ಏನೂ ಬೀಳಲಿಲ್ಲ. ವೇಡ್ ಬಂದು ಗುದ್ದಿ ನೋಡಿದ, ಮೂಗು ಬಟ್ಟೆಗೆ ತಾಗುವಂತೆ ಬಗ್ಗಿ ನೋಡಿದ. ಎಲೆಗಳು ಕೆಂಪಾಗುವ ಹೊತ್ತಿಗೆ ತಾನೇ ಟ್ರಕ್ಕಿಗೆ ಹೊತ್ತು ಹಾಕಿಕೊಂಡ.

ಹೆಣ್ಣುಮಗು ಹುಟ್ಟಿತು. ನೋಡಲು ಹೋದಾಗ ಲೊರೀನ್ ಅದೇ ಕುರ್ಚಿಯಲ್ಲಿ ಮೆಲ್ಲನೆ ತೂಗುತ್ತ ಹಾಲೂಡಿಸುತ್ತಿದ್ದಳು.

"ಅಜ್ಜಿ, ನಂಗೂ ಒಂದು ಮಾಡಿಕೊಡಿ," ಎಂದ ವೇಡ್. "ಇವಳು ಎದ್ದೇಳೋದೇ ಇಲ್ಲ."

"ಚಳಿಗಾಲ ಬರ್ಲಿ. ಮರ ನೀನೇ ಕಡಿ, ನಾನು ಪಕ್ಕದಲ್ಲಿ ನಿಂತಿರ್ತೀನಿ."

ಹಿತ್ತಲಲ್ಲಿ ಒಗೆದಿಟ್ಟ ಕೂಸಿನ ಬಟ್ಟೆ ಬುಟ್ಟಿ ತುಂಬ ಇತ್ತು. ಹೆಸ್ಟರ್ ಒಂದೊಂದನ್ನೇ ಕೊಡವಿ ಕೊಟ್ಟಳು, ನಾನು ಹಗ್ಗಕ್ಕೆ ಹಾಕಿ ಕ್ಲಿಪ್ಪು ಸಿಕ್ಕಿಸುತ್ತ ಹೋದೆ.