ಕೊನೆಯ ಬಂಡೆಗೆ ಅರಿಶಿನ

ವಸಂತಪುರದ ಆಚೆ, ಬಂಡೆಯ ಮೇಲೆ ಮೊದಲ ಗುಡಿಸಲು ಹಾಕಿದವರು ನಾವು. ನಾನು, ನನ್ನ ಗಂಡ, ನಮ್ಮತ್ತೆ. ಅಲ್ಲಿ ಹುಲ್ಲು ಕೂಡ ಹುಟ್ಟುತ್ತಿರಲಿಲ್ಲ. ಪಕ್ಕದ ಹೊಲದವರು ಬಂದು ನೋಡಿದರು.

"ಈ ಕಲ್ಲಲ್ಲಿ ಏನ್ ಬೆಳೀತೀರಯ್ಯ?"

"ಕಲ್ಲೇ ಬೆಳೀತೀವಿ ಬುದ್ಧಿ," ಅಂದ ನನ್ನ ಗಂಡ. ಅವರು ನಕ್ಕು ಹೋದರು.

ಕಲ್ಲು ಒಡೆಯುವುದೇ ನಮ್ಮ ಕಸುಬು. ಜಯನಗರ, ಬನಶಂಕರಿ ಕಡೆ ಮನೆ ಕಟ್ಟುವವರಿಗೆ ಪಾಯದ ಕಲ್ಲು ಬೇಕಿತ್ತು. ಬಂಡೆಯ ಮೇಲೆ ಸೌದೆ ಒಟ್ಟಿ ಬೆಂಕಿ ಹಾಕಿದರೆ ಅದು ಪದರ ಬಿಡುತ್ತದೆ, ಆಮೇಲೆ ಸುತ್ತಿಗೆ. ಬೆಂಕಿಗೆ ಮೊದಲು ಮನೆಯ ಹೆಂಗಸು ಬಂಡೆಗೆ ಅರಿಶಿನ ಹಚ್ಚಿ "ತಪ್ಪಾಯ್ತು ತಾಯಿ" ಅನ್ನಬೇಕು. ಹಚ್ಚದೆ ಯಾವ ಗಂಡಸೂ ಕಡ್ಡಿ ಗೀರುತ್ತಿರಲಿಲ್ಲ.

ನಮ್ಮ ಕಡೆಯ ಜನ ಒಬ್ಬರ ಹಿಂದೆ ಒಬ್ಬರು ಬಂದರು. ಸಾಲಾಗಿ ಗುಡಿಸಲು ಎದ್ದವು. ಬೋರ್‌ವೆಲ್ ಬಂತು, ಟೀ ಅಂಗಡಿ ಬಂತು. ನನ್ನ ಮಕ್ಕಳೆಲ್ಲ ಅಲ್ಲೇ ಹುಟ್ಟಿದರು.

ನಮ್ಮತ್ತೆ ಒಂದು ದಿನ ಅಂದಳು, "ಲೇ, ಬಂಡೆ ಐತೆ ಅಂತ ನಮ್ಮನ್ನ ಇಲ್ಲಿ ಬಿಟ್ಟವ್ರೆ. ಮಟ್ಟ ಆದ್ರೆ ಸೈಟ್ ಆಯ್ತದೆ."

"ಒಡೀದೆ ಇದ್ರೆ ಉಣ್ಣೋದೇನವ್ವ, ಬಂಡೆನಾ?" ಅಂದ ನನ್ನ ಗಂಡ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮುದುಕಿ ಸತ್ತಳು. ಬಂಡೆ ಕರಗುತ್ತಾ ಬಂತು. ನೆಲ ಮಟ್ಟವಾದ ಮೇಲೆ ಟೇಪು ಹಿಡಿದವರು ಬಂದರು, ಅವರ ಹಿಂದೆ ಜೆಸಿಬಿ ಬಂತು. ಗುಡಿಸಲುಗಳೆಲ್ಲ ಹೋದವು. ಜನ ಚಾಪೆ, ಪಾತ್ರೆ ಹೊತ್ತು ದಿಕ್ಕಿಗೊಬ್ಬರಾದರು.

ನಮ್ಮದೊಂದು ಉಳಿಯಿತು. ಅದು ಉಳಿದಿದ್ದ ಕೊನೆಯ ಬಂಡೆಯ ಮೇಲಿತ್ತು. ಜೆಸಿಬಿಗೆ ಹತ್ತಲಾಗಲಿಲ್ಲ. ಸುತ್ತ ಮನೆಗಳು ಎದ್ದಿದ್ದರಿಂದ ಸಿಡಿಮದ್ದು ಇಡುವಂತಿರಲಿಲ್ಲ.

ಕಂಟ್ರಾಕ್ಟರು ನನ್ನ ಗಂಡನಿಗೆ, "ಅಣ್ಣ, ಇದನ್ನ ನೀವೇ ಒಡೆದುಕೊಡಿ, ಕೂಲಿ ಕೊಡ್ತೀನಿ," ಅಂದ.

"ಬೇಡ," ಅಂದೆ ನಾನು. "ಇದೊಂದು ಇದ್ರೆ ನಾವಿರ್ತೀವಿ."

ಸ್ವಲ್ಪ ದಿನ ನನ್ನ ಗಂಡನೂ ಒಪ್ಪಲಿಲ್ಲ. ಆದರೆ ಕ್ರಷರ್‌ನಿಂದ ಲಾರಿಯಲ್ಲಿ ಕಲ್ಲು ಬರುವ ಕಾಲ, ಅವನನ್ನು ಬೇರೆ ಯಾರೂ ಕರೆಯಲಿಲ್ಲ. ಒಂದು ಬೆಳಿಗ್ಗೆ ಸುತ್ತಿಗೆ ತೆಗೆದುಕೊಂಡ.

"ಹೋಗ್ಬೇಡ."

"ಒಲೆ ಮೇಲೆ ಏನಿಟ್ಟಿದ್ದೀಯ, ಹೇಳು."

ಏನೂ ಇರಲಿಲ್ಲ.

ಸೌದೆಯೂ ಇರಲಿಲ್ಲ. ಸೂರಿನ ಗಳಗಳನ್ನೇ ಕಿತ್ತು ಬಂಡೆಯ ಮೇಲೆ ಒಟ್ಟಿದ. ಬೆಂಕಿಪೊಟ್ಟಣ ಹಿಡಿದು ನಿಂತ. ಗೀರಲಿಲ್ಲ.

"ಅರಿಶಿನ," ಅಂದ.

"ಇಲ್ಲ."

ಅವನು ಬಯ್ಯಲಿಲ್ಲ, ಹೊಡೆಯಲಿಲ್ಲ. ಬಿಸಿಲಲ್ಲಿ ಕಾಯುತ್ತಾ ನಿಂತ. ಕಿರಿಯ ಮಗಳು ಅಳಲೂ ಶಕ್ತಿಯಿಲ್ಲದೆ ಮಲಗಿದ್ದಳು. ನಾನು ಹಚ್ಚದಿದ್ದರೆ ಅವನು ಕಡ್ಡಿ ಗೀರುವುದಿಲ್ಲ, ಬಂಡೆ ಉಳಿಯುತ್ತದೆ. ಮಗು ಉಳಿಯುವುದಿಲ್ಲ.

ಎದ್ದು ಹಚ್ಚಿದೆ. "ತಪ್ಪಾಯ್ತು" ಅನ್ನಲಿಲ್ಲ. ತಾಯಿಗೆ ಕಣ್ಣಿದ್ದರೆ ನೋಡಿರುತ್ತಾಳೆ.

ಗಳಗಳು ಒಣಗಿದ್ದವು. ಬೆಂಕಿ ಬೇಗ ಹತ್ತಿಕೊಂಡಿತು.