ಅಂಚಿನಲ್ಲಿ ಬರೆದ ‘ಯಾರು?’

ಸಂಜೆ ಪತ್ರಿಕೆಯ ಕಚೇರಿಗೆ ನಾನು ಮೊದಲ ಸಲ ಹೋದದ್ದು ಒಂದು ಸುದ್ದಿ ಕೊಡಲು. ‘ಓಟದ ಸ್ಪರ್ಧೆಯಲ್ಲಿ ನಮ್ಮ ಶಾಲೆ ಮೊದಲ ಸ್ಥಾನ ಪಡೆದಿದೆಯೆಂದು ನಂಬಲರ್ಹ ಮೂಲಗಳಿಂದ ತಿಳಿದುಬಂದಿದೆ’ ಎಂದು ಮುತ್ತಿನಂಥ ಅಕ್ಷರಗಳಲ್ಲಿ ಬರೆದಿದ್ದೆ. ಕರಡು ತಿದ್ದುವ ಹೆಂಗಸು ಅದರ ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಯಾರು?’ ಎಂದು ಗೀಚಿದರು.

“ಮೂಲ ಯಾರು ಮೇಷ್ಟ್ರೇ?”

“ನಾನೇ. ಗೆರೆ ಹತ್ರ ನಿಂತು ನೋಡಿದೀನಿ.”

“ಹಾಗಾದ್ರೆ ಹಾಗೇ ಬರೀರಿ. ನಂಬಲರ್ಹ ಅಂದ್ರೆ ನಂಬೋಕೆ ಯೋಗ್ಯವಾದದ್ದು. ನಂಬೋಕೆ ನಮಗೆ ಇಷ್ಟವಾದದ್ದು ಅಂತಲ್ಲ.”

ವ್ಯಾಕರಣ ಕಲಿಸುವ ನನಗೇ ಪಾಠವಾಯಿತು. ಕಚೇರಿಯವರೆಲ್ಲ ಅವರನ್ನು ‘ಯಾರಕ್ಕ’ ಎಂದೇ ಕರೆಯುತ್ತಿದ್ದರು. ಶನಿವಾರ ಶಾಲೆ ಬಿಟ್ಟಮೇಲೆ ಅವರ ಮೇಜಿನೆದುರು ಕೂರುವುದು ನನಗೆ ರೂಢಿಯಾಯಿತು.

ಅಂಥ ಒಂದು ಶನಿವಾರ ನೂಲಿನ ಗಿರಣಿಗೆ ಬೆಂಕಿ ಬಿತ್ತು. ಯಾರಕ್ಕನ ಒಬ್ಬನೇ ತಮ್ಮ ಅಲ್ಲಿ ಕೆಲಸಕ್ಕಿದ್ದ. ಕಚೇರಿಗೆ ಸುದ್ದಿ ಮುಟ್ಟಿದ್ದೇ ತಡವಾಗಿ. ಅವರು ಕುರ್ಚಿ ಬಿಟ್ಟೇಳುವಷ್ಟರಲ್ಲಿ ವರದಿಗಾರ ಹಾಳೆ ಹಿಡಿದು ಓಡಿಬಂದ. ‘ಒಳಗಿದ್ದ ಹನ್ನೆರಡು ಮಂದಿ ಕಾರ್ಮಿಕರೂ ಹೊರಬಂದಿದ್ದಾರೆಂದು ನಂಬಲರ್ಹ ಮೂಲಗಳು ತಿಳಿಸಿವೆ.’

“ಅಕ್ಕಾ, ನಿಮ್ಮ ತಮ್ಮನೂ ಬಚಾವು! ಇದಕ್ಕೂ ಯಾರು ಅಂತೀರೇನು?”

ಅವರು ಆ ಸಾಲನ್ನು ಎರಡು ಸಲ ಓದಿದರು. ಅಂಚಿನಲ್ಲಿ ‘ಯಾರು?’ ಎಂದು ಬರೆದರು.

“ಗಿರಣಿ ಆಫೀಸಿನೋರು ಹೇಳಿದ್ದು ಅಕ್ಕಾ.”

“ಅವರು ಎಣಿಸಿದ್ರಾ?”

ಯಾರಕ್ಕ ಗಿರಣಿಯ ಗೇಟಿಗೆ ತಾವೇ ಫೋನು ಮಾಡಿದರು. ಹೊರಬರುವ ಪ್ರತಿಯೊಬ್ಬನ ಹಾಜರಿ ಬಿಲ್ಲೆಯನ್ನೂ ಇಸಿದುಕೊಳ್ಳುವವನು ಅಲ್ಲಿನ ಕಾವಲುಗಾರ. ಅವನು ಎಣಿಸಿದ. ಹನ್ನೊಂದೇ ಇದ್ದವು.

ತಮ್ಮನದು ಅದರಲ್ಲಿದೆಯೇ ಎಂದು ಕೇಳುತ್ತಾರೆಂದುಕೊಂಡೆ. ಕೇಳಲಿಲ್ಲ.

“ಯಾರದ್ದಿಲ್ಲ ಅಂತ ಆಮೇಲೆ ನೋಡಪ್ಪಾ. ಮೊದಲು ಬೆಂಕಿ ಆರಿಸೋರ ಹತ್ರ ಓಡು. ಒಬ್ಬರು ಒಳಗಿದಾರೆ!”

ಎಲ್ಲರೂ ಹೊರಬಂದರೆಂದು ನಂಬಿ ಅಗ್ನಿಶಾಮಕದವರು ಇನ್ನೇನು ಹೊರಡುವುದರಲ್ಲಿದ್ದರು. ಮತ್ತೆ ಒಳನುಗ್ಗಿದಾಗ ನೂಲಿನ ಮೂಟೆಗಳ ಹಿಂದೆ, ಯಂತ್ರಗಳಿಗೆ ಎಣ್ಣೆ ಬಿಡುವವನು ಪ್ರಜ್ಞೆ ತಪ್ಪಿ ಬಿದ್ದಿದ್ದ. ಉಸಿರಿತ್ತು. ತಮ್ಮ ಮೊದಲೇ ಹೊರಬಂದಿದ್ದ. ಆ ಸುದ್ದಿ ಯಾರಕ್ಕನಿಗೆ ಸಿಕ್ಕಿದ್ದು ಅರ್ಧ ಗಂಟೆಯ ಮೇಲೆ. ಆ ಅರ್ಧ ಗಂಟೆ ಅವರು ಫೋನಿನ ಪಕ್ಕ ನಿಂತೇ ಇದ್ದರು. ಅಂಥ ಎದೆಗಾರಿಕೆಯನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಯಾರಕ್ಕನಿಗೆ ಈಗ ಎಂಬತ್ತು ದಾಟಿದೆ. ಎಣ್ಣೆ ಬಿಡುತ್ತಿದ್ದವನಿಗೆ ಕಣ್ಣು ಮಂಜಾಗಿದೆ. ಮಧ್ಯಾಹ್ನ ಊಟ ಮುಗಿಸಿ ಕೋಲೂರಿಕೊಂಡು ಅವರ ಮನೆಗೆ ಬರುತ್ತಾನೆ. ಅವರು ಪತ್ರಿಕೆ ಓದಿ ಹೇಳುತ್ತಾರೆ. ‘ನಂಬಲರ್ಹ ಮೂಲಗಳ ಪ್ರಕಾರ’ ಎಂಬಲ್ಲಿಗೆ ಬಂದು ಕನ್ನಡಕದ ಮೇಲಿಂದ ಅವನತ್ತ ನೋಡುತ್ತಾರೆ.

“ಯಾರಂತೆ ಅಕ್ಕಾ?” ಎಂದು ಕೇಳುವವನು ಈಗ ಅವನೇ.